ಅಳು ಬಿದ್ದ ಮನೆ

ನಮ್ಮ ಅಂಗನವಾಡಿಯ ರಿಜಿಸ್ಟರಿನಲ್ಲಿ ಸರ್ಕಾರ ಅಚ್ಚು ಹಾಕಿಸದ ಒಂದು ಕಾಲಮ್ಮಿದೆ. ಮಗುವಿನ ಹೆಸರು, ತಾಯಿಯ ಹೆಸರು, ಹುಟ್ಟಿದ ತಾರೀಕು, ತೂಕ, ಹಾಕಿಸಿದ ಚುಚ್ಚುಮದ್ದು ಎಲ್ಲ ಆದಮೇಲೆ ಪುಟದ ಅಂಚಿನಲ್ಲಿ ಸ್ಕೇಲಿಟ್ಟು ಗೆರೆ ಎಳೆದು ನಾನೇ ಬರೆದುಕೊಂಡದ್ದು: 'ಅಳು ಬಿದ್ದ ಮನೆ'. ಒಮ್ಮೆ ತಪಾಸಣೆಗೆ ಬಂದ ಸೂಪರ್‌ವೈಸರ್ ಮೇಡಂ ಅದರ ಮೇಲೆ ಬೆರಳಿಟ್ಟು, "ಇದೇನ್ರೀ ಇದು?" ಎಂದರು. "ಸ್ಥಳೀಯ ಮಾಹಿತಿ, ಮೇಡಂ" ಎಂದೆ. ಅವರು ತಲೆದೂಗಿ ಸಹಿ ಹಾಕಿದರು. ಆಫೀಸಿನ ಭಾಷೆಯಲ್ಲಿ ಹೇಳಿಬಿಟ್ಟರೆ ಯಾರೂ ಮುಂದಕ್ಕೆ ಕೇಳುವುದಿಲ್ಲ.

ನಮ್ಮೂರಿನಲ್ಲಿ ಕೂಸು ಅತ್ತರೆ ಅದರ ಸ್ವಂತ ಮನೆಯಲ್ಲಿ ಕೇಳಿಸುವುದಿಲ್ಲ. ಊರಿನ ಇನ್ನೊಂದು ಯಾವುದೋ ಮನೆಯಲ್ಲಿ ಕೇಳಿಸುತ್ತದೆ. ಆ ಮನೆಯ ಹೊಸ್ತಿಲೊಳಗೆ ಇದ್ದವರಿಗೆಲ್ಲ ಕಿವಿ ತುಂಬ ಕೇಳಿಸುತ್ತದೆ, ಹೊಸ್ತಿಲು ದಾಟಿ ಜಗಲಿಗೆ ಬಂದರೆ ಏನೂ ಇಲ್ಲ. ಮಗು ಮೊದಲ ಮಾತಾಡುವತನಕ ಹೀಗೆಯೇ. ಹತ್ತೊಂಬತ್ತು ವರ್ಷದ ಹಿಂದೆ ಮದುವೆಯಾಗಿ ಈ ಊರಿಗೆ ಬಂದ ನಾನು ಇದನ್ನು ಕೇಳಿ ಹೆದರಿ ಒಂದು ಸಲ ತವರಿಗೆ ವಾಪಸು ಹೋಗಿದ್ದೆ. ಆಮೇಲೆ ಅಭ್ಯಾಸವಾಯಿತು. ನನ್ನ ಮಗಳ ಅಳು ಹಿಟ್ಟಿನ ಗಿರಣಿಯ ಚೆನ್ನಪ್ಪನವರ ಮನೆಯಲ್ಲಿ ಬಿದ್ದಿತ್ತು. ದಿನಕ್ಕೆ ಏಳೆಂಟು ಸಲ ಅವರು ಮೈಯೆಲ್ಲ ಹಿಟ್ಟು ಮಾಡಿಕೊಂಡು ಓಡಿ ಬಂದು, "ಟೀಚರಮ್ಮ, ಕೂಸು!" ಎಂದು ಕೂಗಿ ಮತ್ತೆ ಓಡುತ್ತಿದ್ದರು. ನನ್ನ ಮಗಳು ಆಡಿದ ಮೊದಲ ಮಾತು 'ಅಮ್ಮ' ಅಲ್ಲ, 'ಇತ್ತು'. ಹಿಟ್ಟು ಅನ್ನುವುದು ಅವಳ ಬಾಯಲ್ಲಿ ಹಾಗೆ ಬಂತು.

ಅಳು ಬಿದ್ದ ಮನೆಯವರನ್ನು ಇಲ್ಲಿ ಅಳುಬೀಗರು ಎನ್ನುತ್ತಾರೆ. ಮದುವೆಯಲ್ಲಿ ನಿಜವಾದ ಬೀಗರಿಗಿಂತ ಮೊದಲು ಅವರಿಗೆ ಎಲೆ ಹಾಕಬೇಕು, ಇಲ್ಲದಿದ್ದರೆ ಎದ್ದು ಹೋಗುತ್ತಾರೆ. ಮಗುವಿಗೆ ಹೆಸರಿಡುವವರೂ ಅವರೇ. ಹೆಸರಿಡುವ ದಿನ ತಾಯಿ ಕೂಸನ್ನು ಮನೆಯಲ್ಲಿ ಬಿಟ್ಟು ಅಳುಬೀಗರ ನಡುಮನೆಯಲ್ಲಿ ಹೋಗಿ ಕೂರುತ್ತಾಳೆ, ಅಲ್ಲಿ ಮೊದಲ ಸಲ ತನ್ನ ಮಗುವಿನ ಅಳು ಕೇಳುತ್ತಾಳೆ. ಮೊದಲೆಲ್ಲ ಅಳು ಕೇಳಿಸಿದ ಕೂಡಲೇ ಮನೆ ಮೇಲೆ ಕೆಂಪು ಬಟ್ಟೆ ಹಾರಿಸುತ್ತಿದ್ದರಂತೆ, ಈಗ ಮಿಸ್ಡ್ ಕಾಲ್ ಕೊಡುತ್ತಾರೆ. ಒಂದು ಸಲ ಒಂದು ಅಳು ಪೊಲೀಸ್ ಸ್ಟೇಷನ್ನಿನಲ್ಲಿಯೇ ಬಿದ್ದು, ಕಾನ್‌ಸ್ಟೇಬಲ್ಲುಗಳು ಪಾಳಿ ಹಾಕಿಕೊಂಡು ಎಂಟು ತಿಂಗಳು ಕೇಳಿಸಿಕೊಂಡರು. ಆ ಹುಡುಗಿ ಈಗಲೂ ಪೊಲೀಸಿನವರನ್ನು ಕಂಡರೆ ಚಿಕ್ಕಪ್ಪ ಎನ್ನುತ್ತಾಳೆ.

ಸಾಮಾನ್ಯವಾಗಿ ಹೆರಿಗೆಯಾದ ಒಂದೆರಡು ದಿನದಲ್ಲಿ ಯಾರಾದರೂ ಬಂದು "ನಿಮ್ಮ ಕೂಸು ನಮ್ಮಲ್ಲಿ ಬಿತ್ತು" ಎನ್ನುತ್ತಾರೆ. ನಾಗವೇಣಿಯ ಕೂಸಿನ ವಿಷಯದಲ್ಲಿ ಯಾರೂ ಬರಲಿಲ್ಲ. ನಾಗವೇಣಿ ಕಿಟಕಿಯ ಗ್ರಿಲ್ಲು ಮಾಡುವ ಚಿಕ್ಕರಾಜುವಿನ ಹೆಂಡತಿ, ಇದು ಅವಳ ಮೊದಲ ಹೆರಿಗೆ. ಹತ್ತು ದಿನ ಕಾದರು, ಇಪ್ಪತ್ತು ದಿನ ಕಾದರು. ಕೂಸು ಬಾಯಿ ತೆರೆಯುತ್ತದೆ, ಮುಖ ಕೆಂಪಾಗುತ್ತದೆ, ಸದ್ದಿಲ್ಲ. ಅದು ಅಳುವೋ ಆಕಳಿಕೆಯೋ ತಿಳಿಯದೆ ಅವಳು ತೊಟ್ಟಿಲ ಮುಂದಿನಿಂದ ಏಳುವುದನ್ನೇ ಬಿಟ್ಟಳು. ಕಣ್ಣು ಮಿಟುಕಿಸಿದರೆ ಎಲ್ಲಿ ಒಂದು ಅಳು ತಪ್ಪಿಹೋಗುತ್ತದೋ ಎಂದು ಅವಳಿಗೆ ಭಯ. ಫೋನಿನಲ್ಲಿ ಎರಡು ಗಂಟೆಗೊಮ್ಮೆ ಅಲಾರಂ ಇಟ್ಟುಕೊಂಡು ಹಾಲು ಕೊಡುತ್ತಿದ್ದಳು.

ಮೊದಲ ತಿಂಗಳು ತೂಕ ಸರಿಯಾಗಿಯೇ ಇತ್ತು. ಎರಡನೆಯ ತಿಂಗಳು ನಾನು ಜೋಲಿ ತಕ್ಕಡಿಗೆ ಹಾಕಿದಾಗ ಮುಳ್ಳು ಹಿಂದಿನ ತಿಂಗಳ ಜಾಗ ಬಿಟ್ಟು ಕದಲಲಿಲ್ಲ. ಬೆಳವಣಿಗೆ ಪಟ್ಟಿಯಲ್ಲಿ ಹಸಿರಿನಲ್ಲಿದ್ದ ಚುಕ್ಕೆ ಹಳದಿಗೆ ಇಳಿಯಿತು. ಆ ಪಟ್ಟಿಯನ್ನು ನಾಗವೇಣಿಗೆ ತೋರಿಸುವುದು ನನ್ನ ಕೆಲಸ. ತೋರಿಸಿದೆ.

"ಕೊಡ್ತಾನೇ ಇದೀನಲ್ಲ ಟೀಚರಮ್ಮ" ಎಂದಳು. "ಎರಡು ಗುಟುಕು ಎಳೀತಾಳೆ, ಬಾಯಿ ಬಿಡ್ತಾಳೆ. ನನ್ನ ಹಾಲೇ ಸರಿ ಇಲ್ವೋ ಏನೋ."

"ಹಾಲಿಗೇನೂ ಆಗಿಲ್ಲ. ಅಳು ಸಿಗಲಿ, ಎಲ್ಲ ಸರಿಹೋಗತ್ತೆ" ಎಂದೆ. ಏನು ಸರಿಹೋಗುತ್ತದೆ ಎಂದು ನನಗೂ ಗೊತ್ತಿರಲಿಲ್ಲ. ಗುರುವಾರ ಬರುವ ಡಾಕ್ಟರಮ್ಮನಿಗೂ ತೋರಿಸಿದೆವು. ಅವರು ಹಾಲುಣಿಸುವ ಕ್ರಮ ಹೇಳಿಕೊಟ್ಟು, ಮುಂದಿನ ಗುರುವಾರ ಮತ್ತೆ ತೂಕ ನೋಡೋಣ, ಏರದಿದ್ದರೆ ದೊಡ್ಡಾಸ್ಪತ್ರೆಗೆ ಕಳಿಸುತ್ತೇನೆ ಎಂದರು.

ಊರಿಗೆ ಊರೇ ಹುಡುಕಾಟಕ್ಕೆ ಇಳಿಯಿತು. ಆಟೋಗೆ ಮೈಕು ಕಟ್ಟಿಸಿ ಸಾರಿದೆವು. ಯಾವತ್ತೂ ಬಾಗಿಲು ತೆಗೆಯದ ಮನೆಗಳ ಬೀಗ ತೆಗೆಸಿದೆವು. ಪೋಸ್ಟಾಫೀಸು, ಸೊಸೈಟಿ ಗೋದಾಮು, ಪಾಳುಬಿದ್ದ ಟೂರಿಂಗ್ ಟಾಕೀಸು, ಒಂದನ್ನೂ ಬಿಡಲಿಲ್ಲ. ಪಂಚಾಯಿತಿ ಆಫೀಸಿನಲ್ಲಿ ಏನೋ ಕುಂಯ್‌ಗುಡುತ್ತಿದೆ ಎಂದು ಸುದ್ದಿ ಬಂತು. ಓಡಿಹೋಗಿ ನೋಡಿದರೆ ಫ್ಯಾನು. ಅದು ಎಣ್ಣೆ ಕಂಡು ಮೂರು ಅಧ್ಯಕ್ಷರ ಕಾಲವಾಗಿತ್ತು.

ಈ ಹುಡುಕಾಟಕ್ಕೆಲ್ಲ ಸೇನಾಧಿಪತಿ ಪುಟ್ಟನಂಜಮ್ಮ. ಊರಿನ ಅರ್ಧ ಜನ ಭೂಮಿಗೆ ಬಿದ್ದದ್ದು ಈ ಸೂಲಗಿತ್ತಿಯ ಕೈಗೆ. ಆಸ್ಪತ್ರೆಯ ಹೆರಿಗೆ ಶುರುವಾದಮೇಲೆ ಆ ಕೆಲಸ ನಿಂತರೂ ಅವರ ಇನ್ನೊಂದು ಕೆಲಸ ನಿಂತಿರಲಿಲ್ಲ. ಅದು ಅಳುವಿನ ಅರ್ಥ ಹೇಳುವುದು. ಅಳುಬೀಗರು ಬಂದು ಕರೆದರೆ ಅವರ ಮನೆಗೆ ಹೋಗಿ, ಎರಡು ನಿಮಿಷ ಕಣ್ಣು ಮುಚ್ಚಿ ಕೇಳಿ, "ಇದು ಹೊಟ್ಟೆ ಉಬ್ಬರ", "ಇದು ಇರುವೆ", "ಇದು ಬರೀ ಸೊಕ್ಕು, ಎತ್ತಬೇಡಿ" ಎನ್ನುತ್ತಿದ್ದರು. ತಪ್ಪಿದ್ದು ಕಡಿಮೆ. ನನ್ನ ಮೇಲೆ ಅವರಿಗೆ ಅಷ್ಟು ಪ್ರೀತಿ ಇರಲಿಲ್ಲ. "ತಕ್ಕಡೀಲಿ ತೂಗೋಕೆ ಮಕ್ಳೇನು ಬೆಲ್ಲದ ಅಚ್ಚೇನವ್ವ?" ಎಂದು ಎಲ್ಲರ ಮುಂದೆ ಕೇಳುವರು. ಒಂದೆರಡು ವರ್ಷದಿಂದ ಮಾತ್ರ ಅವರು ಅಳು ಕೇಳಲೂ ಯಾರ ಮನೆಗೂ ಹೋಗುತ್ತಿರಲಿಲ್ಲ, ಯಾರನ್ನೂ ಒಳಗೆ ಕರೆಯುತ್ತಿರಲಿಲ್ಲ. ಏನಿದ್ದರೂ ಜಗಲಿಯ ಮೇಲೆ, ಹಗಲು ಬೆಳಕಿನಲ್ಲಿ, ಎದುರಿಗೆ ಕೂರಿಸಿಕೊಂಡು. ವಯಸ್ಸಾದ ಹಾಗೆ ಗತ್ತು ಜಾಸ್ತಿಯಾಯಿತು ಎಂದು ನಾವೆಲ್ಲ ಮಾತಾಡಿಕೊಂಡೆವು.

ಮನೆಮನೆ ಪಟ್ಟಿ ಹಿಡಿದು ಹೊರಟಾಗ ನಾನು ಅವರನ್ನೂ ಕೇಳಿದ್ದೆ. "ನಿಮ್ಮನೇಲಿ ಏನಾದ್ರೂ ಬಿದ್ದಿದ್ಯಾ, ನಂಜವ್ವ?"

"ನನ್ ಮನೇಲಿ ಬಿದ್ದಿದ್ರೆ ನಂಗೆ ತಿಳೀದೆ ಇರ್ತದಾ?" ಎಂದರು. ನನಗೂ ಹೌದೆನ್ನಿಸಿತು. ಅವರ ಹೆಸರಿನ ಮುಂದೆ 'ಇಲ್ಲ' ಎಂದು ಬರೆದೆ. ಅವರು ಅಲ್ಲಿಂದಲೇ ಕೈ ತೋರಿಸಿ, ನೀರಿನ ಟ್ಯಾಂಕಿನ ಆಚೆಯ ಮನೆಗಳನ್ನು ಸರಿಯಾಗಿ ನೋಡಿರೆಂದು ಅಪ್ಪಣೆ ಕೊಟ್ಟರು. ನಾವು ಎರಡು ದಿನ ಟ್ಯಾಂಕಿನ ಆಚೆ ಗೋಡೆಗಳಿಗೆ ಕಿವಿ ಕೊಟ್ಟುಕೊಂಡು ತಿರುಗಿದೆವು.

ಡಾಕ್ಟರಮ್ಮ ಹೇಳಿದ್ದ ಗುರುವಾರ ಬಂತು. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ನಾಗವೇಣಿಯ ಮನೆಗೆ ಹೋಗುವ ದಾರಿಯಲ್ಲಿ ಬಿಸಿಲಿಗೆ ನನಗೆ ಕಣ್ಣು ಕತ್ತಲಿಟ್ಟ ಹಾಗಾಯಿತು. ಪುಟ್ಟನಂಜಮ್ಮನ ಮನೆಯ ಮುಂದೆಯೇ ಇದ್ದೆ. ಜಗಲಿಯಲ್ಲಿ ಅವರಿರಲಿಲ್ಲ, ಬಾಗಿಲು ಅರ್ಧ ತೆರೆದಿತ್ತು. "ನಂಜವ್ವ, ಒಂದು ಲೋಟ ನೀರು ಕೊಡ್ತೀರಾ?" ಎಂದು ಮೂರು ಸಲ ಕೂಗಿದೆ. ಉತ್ತರವಿಲ್ಲ. ತಕ್ಕಡಿಯವಳಿಗೆ ನೀರೂ ಕೊಡುವುದಿಲ್ಲವೇನೋ ಎಂದು ಸಿಟ್ಟು ಬಂದು, ಆದದ್ದಾಗಲಿ ಎಂದು ಹೊಸ್ತಿಲು ದಾಟಿದೆ.

ಅಳು ನನ್ನ ಮುಖಕ್ಕೆ ಅಪ್ಪಳಿಸಿತು. ಸಣ್ಣ ಅಳುವಲ್ಲ. ಮಾಡಿನ ಜಂತೆಗಳಿಂದ, ಅಟ್ಟದಿಂದ, ಒಲೆಯ ಹಿಂದಿನಿಂದ, ಮನೆಗೆ ಮನೆಯೇ ಬಾಯಿ ಬಿಟ್ಟುಕೊಂಡು ಅಳುತ್ತಿತ್ತು. ಅದರ ನಡುವೆ ಪುಟ್ಟನಂಜಮ್ಮ ನನಗೆ ಬೆನ್ನು ಹಾಕಿ, ಕಾಲು ನೀಡಿ ಕೂತು, ಮೊರದಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಕಾಳು ಒಂದು ಕಡೆ, ಸಿಪ್ಪೆ ಒಂದು ಕಡೆ. ಹುಳುಕು ಕಾಳು ಸಿಕ್ಕರೆ ನಿಧಾನವಾಗಿ ಬೆಳಕಿಗೆ ಹಿಡಿದು ನೋಡಿ ಎಸೆಯುತ್ತಿದ್ದರು.

ನನ್ನ ನೆರಳು ಮೊರದ ಮೇಲೆ ಬಿದ್ದಾಗ ತಿರುಗಿದರು. ನಾನು ಬಾಯಿ ತೆರೆದು ಸೂರು ನೋಡುತ್ತಿದ್ದೆ. ಅವರು ನನ್ನನ್ನು ನೋಡಿದರು, ಸೂರನ್ನು ನೋಡಿದರು, ಮತ್ತೆ ನನ್ನನ್ನು ನೋಡಿದರು.

"ಹ್ಞೂ, ಈಗ್ ತಾನೇ ಶುರುವಾಯ್ತು" ಎಂದರು. "ಹೇಳಿಕಳ್ಸೋಣ ಅಂತಲೇ ಇದ್ದೆ."

ನಾನು ಗೋಡೆಯ ಕಡೆ ಮುಖ ತಿರುಗಿಸಿಕೊಂಡು, "ನಂಜವ್ವ, ನಿಮ್ಮ ಸೀರೆಗೆ ಬೆಂಕಿ ಹತ್ತಿದೆ" ಎಂದೆ. ಅವರು ಇನ್ನೊಂದು ಅವರೆಕಾಯಿ ಸುಲಿದರು.

ಹೋಗಿ ಎದುರಿಗೆ ಕೂತೆ. ನನಗೆ ಗುಟ್ಟು ತಿಳಿದುಹೋಗಿದೆ ಎಂದು ಆಗ ಅವರಿಗೆ ಗೊತ್ತಾಯಿತು. ಮೊರ ಪಕ್ಕಕ್ಕಿಟ್ಟರು.

"ಎಡಗಿವಿ ಮೊದ್ಲು ಹೋಯ್ತು" ಎಂದರು. "ಬಲಗಿವಿ ಐತಲ್ಲ ಅನ್ಕಂಡೆ. ಆಮೇಲೆ ಅದೂ ಹೋಯ್ತು. ಯಾರ್‌ಗೂ ಹೇಳಬ್ಯಾಡ ಕಣವ್ವ. ಅಳು ಕೇಳೋ ನಂಜಿಗೇ ಕಿವಿ ಇಲ್ಲ ಅಂದ್ರೆ ಊರು ನಗಾಡ್ತದೆ." ಸೂರಿನ ಕಡೆ ಕಣ್ಣೆತ್ತಿ ಮೆಲ್ಲಗೆ ಕೇಳಿದರು: "ಇನ್ನೂ ಅಳ್ತಾ ಐತಾ?"

ಹೌದೆಂದು ತಲೆಯಾಡಿಸಿದೆ.

"ಎಪ್ಪತ್ತು ವರ್ಷದಾಗೆ ನನ್ ಮನೇಲಿ ಒಂದ್ ಕೂಸಿನ ಅಳೂ ಬಿದ್ದಿರಲಿಲ್ಲ" ಎಂದರು. "ಎಲ್ರ ಮನೇಗೂ ಹೋಗಿ ಕೇಳಿ ಬತ್ತಿದ್ದೆ. ನನ್ ಮನೇಗೂ ಒಂದು ಬರಬಾರ್ದಾ ಅಂತ ಎಷ್ಟ್ ಸಲ ಅನ್ಕಂಡಿದೀನಿ. ಬರೋದು ಬಂತು, ನೋಡು, ಯಾವಾಗ ಬಂತು."

ಅಷ್ಟರಲ್ಲಿ ಅಳು ತಟಕ್ಕನೆ ನಿಂತಿತು. ಒಂದು ಕ್ಷಣ ಬಿಟ್ಟು ಚೀರಿಕೊಂಡು ಮತ್ತೆ ಎದ್ದಿತು. ನನ್ನ ಮುಖದಲ್ಲಿ ಅದು ಕಂಡಿರಬೇಕು, ಪುಟ್ಟನಂಜಮ್ಮ ನನ್ನ ಮಣಿಕಟ್ಟು ಹಿಡಿದರು. ಅವರ ಕಣ್ಣೇ ಬದಲಾಗಿತ್ತು. "ಏನಾಯ್ತು? ಹೆಂಗ್ ಅಳ್ತಾ ಐತೆ? ಅತ್ತು ತೋರ್ಸು."

"ನಾನಾ?"

"ಇನ್ಯಾರವ್ವ? ಮನೇಲಿ ಇನ್ಯಾರದಾರೆ?"

ಹಾಗೆ ನಾನು, ಸರ್ಕಾರದ ಗೌರವಧನ ಪಡೆಯುವ, ಎರಡು ತರಬೇತಿ ಪ್ರಮಾಣಪತ್ರವಿರುವ ಕಾರ್ಯಕರ್ತೆ, ಪುಟ್ಟನಂಜಮ್ಮನ ನಡುಮನೆಯಲ್ಲಿ ಕೂತು ಕೂಸಿನ ಹಾಗೆ ಅತ್ತೆ. ಅವರು ನನ್ನ ಗಂಟಲಿನ ಮೇಲೆ ಎರಡು ಬೆರಳಿಟ್ಟು ಕಣ್ಣು ಮುಚ್ಚಿದರು. "ಜೋರಾಗಿ" ಎಂದರು. ಜೋರಾಗಿ ಅತ್ತೆ. "ಇಳೀತದಾ, ನೆಟ್ಟಗೆ ನಿಲ್ತದಾ?" ಎಂದರು. ನೆಟ್ಟಗೆ ನಿಲ್ಲಿಸಿದೆ. "ನಿಂತಾಗ ಕೈ ಎತ್ತು, ಶುರುವಾದಾಗ ಇಳ್ಸು" ಎಂದರು. ಹಾಗೆಯೇ ಮಾಡಿದೆ. ಬೀದಿಯಲ್ಲಿ ಹೋಗುತ್ತಿದ್ದ ಬಳೆ ಅಂಗಡಿಯ ಕಮಲಮ್ಮ ಕಿಟಕಿಯಲ್ಲಿ ಇಣುಕಿ ನೋಡಿ ಸದ್ದಿಲ್ಲದೆ ಹೋದಳು. ಟೀಚರಮ್ಮನಿಗೆ ಗಾಳಿ ಮೆಟ್ಟಿಕೊಂಡಿದೆ, ನಂಜವ್ವ ಗಂಟಲು ಹಿಡಿದು ಬಿಡಿಸುತ್ತಿದ್ದಾರೆ ಎಂಬ ಸುದ್ದಿ ನಮಗಿಂತ ಮೊದಲೇ ನಾಗವೇಣಿಯ ಮನೆ ತಲುಪಿತ್ತು.

"ಹನ್ನೊಂದು ಗಂಟೆ, ಅಲಾರಂ ಹೊಡೆಯೋ ಹೊತ್ತು. ತಾಯಿ ಈಗ ಹಾಲು ಕೊಡ್ತಾ ಇದಾಳೆ" ಎಂದೆ, ಬಾಯಿ ಅಗಲಿಸಿ, ಕಾಣುವ ಹಾಗೆ.

"ಅದಕ್ಕೇ ಮತ್ತೆ. ಹಸಿವಾದ್ರೆ ಮೊಲೆ ಬಾಯಿಗ್ ಬಂದಾಗ ನಿಲ್ಬೇಕು. ಇದು ಎರಡ್ ಗುಟುಕು ನುಂಗಿ ಚೀರ್ತದೆ. ನುಂಗಿದ್ರೆ ನೋಯ್ತದೆ." ಕಣ್ಣು ತೆರೆದರು. "ಹಸಿವಲ್ಲ ಕಣವ್ವ. ಕಿವಿ."

"ನಿಮ್ಮ ಕಿವಿ ವಿಷಯ ಆಮೇಲೆ ನೋಡೋಣ, ನಂಜವ್ವ" ಎಂದೆ.

"ನನ್ ಕಿವಿ ಅಲ್ವೇ, ಮಂಕೇ! ಕೂಸಿನ ಕಿವಿ!"

ಡಾಕ್ಟರಮ್ಮ ಒಂದು ಗಂಟೆಗೆ ಹೊರಟುಬಿಡುತ್ತಾರೆ. ಇಬ್ಬರೂ ಬಿಸಿಲಲ್ಲಿ ಸರಸರ ನಡೆದೆವು. ದಾರಿಯುದ್ದಕ್ಕೂ ಅವರದ್ದು ಒಂದೇ ಮಾತು. "ಇವತ್ತೇ ಬಿತ್ತು ಅಂತ ಹೇಳು. ಇಷ್ಟ್ ದಿನ ಬಿದ್ದಿರಲಿಲ್ಲ ಅನ್ನು." ಎರಡು ತಿಂಗಳು ಬೀಳದ ಅಳು ಇವತ್ತೇ ಹೇಗೆ ಬಿತ್ತು ಎಂದು ಯಾರಾದರೂ ಕೇಳಿದರೆ ಏನು ಹೇಳುವುದೋ ನನಗೆ ತೋಚಲಿಲ್ಲ. ಆದರೂ ಹೂಂ ಎಂದೆ.

ನಾಗವೇಣಿಗೆ ವಿಷಯ ಹೇಳಿದಾಗ ಅವಳು ಕೂಸನ್ನು ಎದೆಗೆ ಒತ್ತಿಕೊಂಡಳು. ಆಮೇಲೆ ತಲೆಯೆತ್ತಿ ಪುಟ್ಟನಂಜಮ್ಮನನ್ನು ನೋಡಿ ಕೇಳಿದಳು: "ಅಜ್ಜಿ, ಇವಳ ದನಿ ಹೆಂಗೈತೆ?"

ಕಣ್ಣೆದುರಿಗೇ ಕೇಳಿದ್ದರಿಂದ ತುಟಿ ನೋಡಿ ಅವರಿಗೆ ತಿಳಿಯಿತು. ಸುಳ್ಳು ಹೇಳಬೇಕಿದ್ದರೆ ಸುಲಭವಿತ್ತು. ಗಂಟೆ ಇದ್ದ ಹಾಗಿದೆ, ಗಿಣಿ ಇದ್ದ ಹಾಗಿದೆ, ಯಾವುದನ್ನು ಹೇಳಿದ್ದರೂ ಆ ಹುಡುಗಿ ನಂಬುತ್ತಿದ್ದಳು. ಮೂವತ್ತು ವರ್ಷ ಊರಿಗೆಲ್ಲ ಅಳುವಿನ ಅರ್ಥ ಹೇಳಿದ ಹೆಂಗಸು ಬಾಯಿ ತೆರೆದು, ಮುಚ್ಚಿ, ನನ್ನ ಕಡೆ ನೋಡಿದರು.

"ಚೆನ್ನಾಗೈತೆ" ಎಂದರು ಕೊನೆಗೆ. "ನಡಿ, ಹೊತ್ತಾಯ್ತು." ಆರೋಗ್ಯ ಕೇಂದ್ರದವರೆಗೂ ಕೂಸನ್ನು ತಾವೇ ಎತ್ತಿಕೊಂಡು ನಡೆದರು.

ಗುರುವಾರ ಆರೋಗ್ಯ ಕೇಂದ್ರದ ಬೆಂಚುಗಳ ಮೇಲೆ ಅರ್ಧ ಊರು ಕೂತಿರುತ್ತದೆ. ಚುಚ್ಚುಮದ್ದಿಗೆ ಬಂದ ತಾಯಂದಿರು, ಬಸುರಿಯರು, ಅವರ ಜೊತೆಗೆ ಬಂದ ಅತ್ತೆಯರು, ಸುಮ್ಮನೆ ನೋಡಲು ಬಂದವರು. ನಮ್ಮ ಮೂವರನ್ನೂ ಕಂಡು ಮಾತು ನಿಂತಿತು. ಕಮಲಮ್ಮ ಅಲ್ಲೂ ಇದ್ದಳು, ನನ್ನ ಗಂಟಲನ್ನೇ ನೋಡುತ್ತಿದ್ದಳು. ತುರ್ತು ಎಂದು ದಾದಿ ನಮ್ಮನ್ನು ಮುಂದೆ ಬಿಟ್ಟಳು.

ಡಾಕ್ಟರಮ್ಮ ಬೇರೆ ಊರಿನವರು, ಚಿಕ್ಕ ವಯಸ್ಸು, ಬಂದು ಆರು ತಿಂಗಳಾಗಿತ್ತಷ್ಟೆ. ಸದ್ದಿಲ್ಲದೆ ಅಳುವ ಮಕ್ಕಳಿಗೆ ಅಭ್ಯಾಸವಾಗಿದ್ದರು. ನಾನು ಕಿವಿ ನೋವಿರಬಹುದು ಎಂದಾಗ ದೀಪವಿರುವ ಸಣ್ಣ ಉಪಕರಣ ತೆಗೆದುಕೊಂಡು, "ಯಾರ ಕಿವಿ?" ಎಂದರು.

ಅವರು ಕೇಳಿದ್ದು ಮಾಮೂಲಿಯಾಗಿ, ಚೀಟಿಯಲ್ಲಿ ಬರೆಯಲು. ಪುಟ್ಟನಂಜಮ್ಮ ಅವರ ತುಟಿಯನ್ನೇ ನೋಡುತ್ತಿದ್ದರು. ಬಾಗಿಲು ತೆರೆದೇ ಇತ್ತು, ಹೊರಗೆ ಬೆಂಚುಗಳೆಲ್ಲ ಒಳಕ್ಕೆ ಬಾಗಿದ್ದವು. ಅಜ್ಜಿ ಒಮ್ಮೆ ಹಿಂದೆ ತಿರುಗಿ ಆ ಮುಖಗಳನ್ನೆಲ್ಲ ನೋಡಿದರು. ಅದರಲ್ಲಿ ಎಷ್ಟೋ ಮುಖಗಳನ್ನು ಮೊದಲು ಒರೆಸಿದವರು ಅವರೇ.

"ಇಬ್ಬರದೂ" ಎಂದರು. ಕಿವಿ ಕೇಳದವರು ಮಾತಾಡುವ ಹಾಗೆ, ಬೇಕಾದ್ದಕ್ಕಿಂತ ಜೋರಾಗಿ. "ಮೊದ್ಲು ಇದರದ್ದು ನೋಡಿ. ನನ್ದು ಎರಡ್ ವರ್ಷದಿಂದ ಕಾದದೆ, ಇನ್ನೊಂದ್ ಗಳಿಗೆ ಕಾಯ್ತದೆ."

ಯಾರೂ ನಗಲಿಲ್ಲ. ಕಮಲಮ್ಮ ಎದ್ದು ಬಂದು, ಅಜ್ಜಿಗೆ ಕಾಣುವ ಹಾಗೆ ಎದುರಿಗೆ ನಿಂತು, "ಕೂತ್ಕೊಳಿ ನಂಜವ್ವ, ಕಾಲು ನೋಯ್ತದೆ" ಎಂದು ಸ್ಟೂಲು ಎಳೆದಿಟ್ಟಳು.

ಕೂಸಿನ ಬಲಗಿವಿಯ ಒಳಗೆ ಕೆಂಪಾಗಿ ಊದಿತ್ತು. ಡಾಕ್ಟರಮ್ಮ ಸಿರಪ್ ಬರೆದುಕೊಟ್ಟು, ಎಷ್ಟು ದಿನ, ಎಷ್ಟು ಸಲ ಎಂದು ಎರಡೆರಡು ಬಾರಿ ಹೇಳಿದರು. ಮಲಗಿಸಿಕೊಂಡು ಹಾಲು ಕೊಡಬೇಡ, ತಲೆ ಸ್ವಲ್ಪ ಎತ್ತರಕ್ಕಿರಲಿ ಎಂದರು. ಕಿವಿಗೆ ಬಿಸಿ ಎಣ್ಣೆ ಬಿಡುತ್ತೀರೇನು ಎಂದು ಕೇಳಿದಾಗ ಪುಟ್ಟನಂಜಮ್ಮ ತಮಗೆ ಕೇಳಿಸಲಿಲ್ಲ ಎಂಬಂತೆ ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿದರು. ಈ ಸಲ ನಾನು ಅವರನ್ನು ನಂಬಲಿಲ್ಲ.

ನಾಲ್ಕನೆಯ ದಿನಕ್ಕೆ ಕೂಸು ಹಾಲು ಬಿಡದೆ ಕುಡಿಯಿತು. ಮುಂದಿನ ತೂಕದಲ್ಲಿ ಮುಳ್ಳು ಕದಲಿತು, ಅದರ ಮುಂದಿನ ತಿಂಗಳು ಚುಕ್ಕೆ ಹಸಿರಿಗೆ ಹತ್ತಿತು. ಹಗಲು ಪುಟ್ಟನಂಜಮ್ಮನ ಮನೆಯೊಳಗೆ ಸರದಿಯ ಮೇಲೆ ಯಾರಾದರೂ ಕೂರುವುದೆಂದಾಯಿತು, ಕಮಲಮ್ಮ ಬಳೆಯ ಪೆಟ್ಟಿಗೆಯನ್ನೇ ಅಲ್ಲಿಗೆ ತಂದಿಟ್ಟುಕೊಂಡು ವ್ಯಾಪಾರ ಮಾಡಿದಳು. ಚಿಕ್ಕರಾಜು ಬಂದು ಅಜ್ಜಿಯ ಕಿಟಕಿಗೆ ಗ್ರಿಲ್ಲು ಹಾಕಿಕೊಟ್ಟ. ಹೆಸರಿಡುವುದನ್ನು ಮಾತ್ರ ಅಜ್ಜಿ ಮುಂದಕ್ಕೆ ಹಾಕುತ್ತಲೇ ಬಂದರು. ಕಿವಿಯ ಕ್ಯಾಂಪಿನವರು ಅಳತೆ ತೆಗೆದುಕೊಂಡು ಹೋಗಿದ್ದಾರೆ, ಕಿವಿ ಕೇಳಿಸುವ ಮೆಷೀನು ಬರಲಿ, ಆಮೇಲೆ ಎಂದರು.

ಮೆಷೀನು ಬಂದ ವಾರ ಹೆಸರಿಡಲು ಮುಹೂರ್ತ ಗೊತ್ತಾಯಿತು. ನಾಗವೇಣಿ ಕೂಸನ್ನು ಗಂಡನ ಹತ್ತಿರ ಬಿಟ್ಟು, ಹೊಸ ಸೀರೆ ಉಟ್ಟು ಪುಟ್ಟನಂಜಮ್ಮನ ನಡುಮನೆಯಲ್ಲಿ ಬಂದು ಕೂತಳು. ಅಜ್ಜಿ ಕಿವಿಗೆ ಮೆಷೀನು ಸಿಕ್ಕಿಸಿಕೊಂಡು, ಊರು ಇಷ್ಟೊಂದು ಗಲಾಟೆ ಯಾವಾಗಿನಿಂದ ಮಾಡುತ್ತಿದೆ ಎಂದು ಎಲ್ಲರನ್ನೂ ಗದರಿಸುತ್ತಿದ್ದರು. ಎಲ್ಲರೂ ಉಸಿರು ಹಿಡಿದು ಕಾದೆವು. ಅಳುವಿಲ್ಲ. ಮುಹೂರ್ತ ಮೀರಿತು, ಪಾಯಸ ಆರಿತು. ಚಿಕ್ಕರಾಜುವಿಗೆ ಫೋನು ಮಾಡಿದರೆ, "ನಾನೇನ್ ಮಾಡ್ಲಿ ಟೀಚರಮ್ಮ, ನಗ್ತಾ ಅವಳೆ" ಎಂದ. ಸ್ವಲ್ಪ ಚಿವುಟಿ ನೋಡು ಎಂದು ಯಾರೋ ಹೇಳಿದರು. ಪುಟ್ಟನಂಜಮ್ಮ ಆ ಕಡೆ ತಿರುಗಿದ ರಭಸಕ್ಕೆ ಹಾಗೆಂದವರು ಪಾಯಸದ ಪಾತ್ರೆಯ ಹಿಂದೆ ಸರಿದರು.

ಮಧ್ಯಾಹ್ನ ಎರಡರ ಸುಮಾರಿಗೆ, ಕೆಲವರು ಎಲೆಯ ಮುಂದೆ ಕೂತಾಗ, ಅಟ್ಟದ ಕಡೆಯಿಂದ ಸಣ್ಣದಾಗಿ ಶುರುವಾಯಿತು. ಒಂದು ಸಲ ಬಿಕ್ಕಿ, ಆಮೇಲೆ ಗಂಟಲು ಬಿಟ್ಟು. ನಾಗವೇಣಿ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. ಕಣ್ಣೀರು ಇಳಿಯುತ್ತಿತ್ತು, ನಗುತ್ತಲೂ ಇದ್ದಳು. ಪುಟ್ಟನಂಜಮ್ಮ ಕಣ್ಣು ಮುಚ್ಚಿ, ಮುಖ ಮೇಲಕ್ಕೆತ್ತಿ ಕೂತಿದ್ದರು. ಇಷ್ಟು ಹೊತ್ತು ಕೇಳಬೇಕೆಂದೇನೂ ಇರಲಿಲ್ಲ, ಅವರಿಗೆ ಎರಡು ನಿಮಿಷ ಸಾಕಾಗುತ್ತಿತ್ತು. ಆದರೂ ಕೇಳುತ್ತಲೇ ಇದ್ದರು.

"ಏನಂತೆ, ಅಜ್ಜಿ?" ಎಂದು ನಾಗವೇಣಿ ಹೆದರಿಕೊಂಡೇ ಕೇಳಿದಳು. "ಎಲ್ಲಾದ್ರೂ ನೋಯ್ತಾ ಐತಾ?"

"ಹಸಿವು ಕಣೇ" ಎಂದರು ಅಜ್ಜಿ, ಕಣ್ಣು ತೆರೆಯದೆ. "ಬರೀ ಹಸಿವು. ಇಲ್ಲಿ ಕೂತ್ಕಂಡು ಏನ್ ಮಾಡ್ತೀಯ, ಓಡು."